ಎರಡನೆಯ ಸಲದ ಗುಡ್ ನೈಟ್

ಬ್ವಾ ರೂಜ್
೨೦ ಫೆಬ್ರುವರಿ ೨೦೧೭

ಆರ್ಲೀನ್,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಹೋಟೆಲಿನ ಗೇಟಿಗೆ ಬಂದರೆ ಕಾವಲುಗಾರ "ಮೇಡಂ ಮೀಟಿಂಗಲ್ಲಿದ್ದಾರೆ" ಎನ್ನುತ್ತಾನೆ. ಹೋದ ವಾರದವರೆಗೂ ನನ್ನ ಅಂಗಡಿಯ ಕರಿದ ರೊಟ್ಟಿ ತಿಂದು ಬೆಳೆದ ಹೊಟ್ಟೆ ಅವನದು, ಈಗ ನನ್ನ ಮುಖದ ಗುರುತೇ ಇಲ್ಲವಂತೆ. ಅದಕ್ಕೇ ಈ ಕಾಗದ. ಬೋಬೋನ ಮಿನಿಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಕಾಗದಕ್ಕೆ ಗೇಟಿಲ್ಲ ಎಂದುಕೊಂಡಿದ್ದೇನೆ.

ನನ್ನ ಮಗ ಕರ್ವಿನ್‌ನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ. ನೀನು ಹತ್ತು ಬಾಯಿಂದ ಹತ್ತು ಥರ ಕೇಳಿರುತ್ತೀಯ, ಈಗ ನನ್ನ ಕೈಬರಹದಲ್ಲಿ ಓದು. ಅವನು ಎಂದಿನಂತೆ ಬೀಚಿನಲ್ಲಿ ಎಳನೀರು ಮಾರಿ, ಮಚ್ಚನ್ನು ಕೈಯಲ್ಲಿ ಹಿಡಿದುಕೊಂಡು, ನಿಮ್ಮ ಹೋಟೆಲಿನ ಹಿಂದಿನ ಕಾಲುದಾರಿಯಲ್ಲಿ ಮನೆಗೆ ಬರುತ್ತಿದ್ದ. ಹೊತ್ತು ಮುಳುಗಿತ್ತು. ಎದುರಿನಿಂದ ನಿಮ್ಮ ಅತಿಥಿ, ಆ ಮಿಸೆಸ್ ವಿಟ್ಬಿ, ಒಬ್ಬಳೇ ಬಂದಳು. ಇವನು "ಗುಡ್ ನೈಟ್" ಅಂದ. ಅವಳು ಉತ್ತರ ಕೊಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇವನು ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಗುಡ್ ನೈಟ್" ಅಂದ. ಅವಳು ಕಿರುಚಿಕೊಂಡು ಓಡಿದಳು, ಕಲ್ಲಿನ ಮೆಟ್ಟಿಲಿನಿಂದ ಉರುಳಿ ಬಂಡೆಗಳ ಮೇಲೆ ಬಿದ್ದಳು. ಇವನು ಎತ್ತಲು ಹೋದ. ಕೈಯಲ್ಲಿ ಮಚ್ಚು ಹಾಗೇ ಇತ್ತು. ನಿಮ್ಮ ಕಾವಲುಗಾರರು ಬಂದಾಗ ಕಂಡದ್ದು ಅಷ್ಟೇ: ಕೆಳಗೆ ರಕ್ತ ಸುರಿಯುವ ಹೆಂಗಸು, ಮೇಲೆ ಬಾಗಿದ ಕರ್ವಿನ್, ನಡುವೆ ಮಚ್ಚು.

ಈ ಊರಿನಲ್ಲಿ ಮಚ್ಚಿಲ್ಲದೆ ತಿರುಗುವ ಗಂಡಸು ಎಂದರೆ ಪಾದ್ರಿಗಳೊಬ್ಬರೇ, ಅವರೂ ಬಾಳೆತೋಟಕ್ಕೆ ಹೋಗುವಾಗ ಹಿಡಿದಿರುತ್ತಾರೆ. ಅದನ್ನು ನಿನಗೆ ನಾನು ಹೇಳಬೇಕೇ?

ಠಾಣೆಯಲ್ಲಿ ಸಾರ್ಜೆಂಟ್ ನನ್ನನ್ನು ಕೂರಿಸಿ ಕೇಳಿದ:

"ನಿನ್ ಮಗ ಆಯಮ್ಮನಿಗೆ ಏನಂದ ಗೊತ್ತೇನಮ್ಮಾ?"

"ಏನಂದ?"

"ಗುಡ್ ನೈಟ್ ಅಂದನಂತೆ."

"ಅನ್ನದೆ ಬಂದಿದ್ರೆ ನಾನೇ ಕಪಾಳಕ್ಕೆ ಬಿಡ್ತಿದ್ದೆ."

"ನಂಗೊತ್ತಿಲ್ವಾ? ನಮ್ಮಮ್ಮನೂ ಬಿಟ್ಟಿದ್ದಾಳೆ. ಆದ್ರೆ ಅವರ ದೇಶದಲ್ಲಿ ಅದು ಮಲಗೋಕೆ ಹೋಗುವಾಗ ಅನ್ನೋ ಮಾತಂತೆ. ಎದುರು ಸಿಕ್ಕೋರಿಗೆ ಯಾರೂ ಅನ್ನಲ್ವಂತೆ. ಕತ್ತಲಲ್ಲಿ ಮಚ್ಚು ಹಿಡ್ಕೊಂಡು, ಅದೂ ಎರಡೆರಡು ಸಲ ಅಂದ್ರೆ... 'ಇವತ್ತಿಗೆ ನಿನ್ ಕಥೆ ಮುಗೀತು' ಅಂದ ಹಾಗೆ ಕೇಳಿಸ್ತಂತೆ ಆಯಮ್ಮನಿಗೆ."

ಇಷ್ಟು ವರ್ಷ ಬದುಕಿ, ನಮ್ಮ ಗುಡ್ ನೈಟ್ ಒಂದು ಬೆದರಿಕೆ ಎಂದು ನನಗೆ ತಿಳಿದದ್ದು ಅವತ್ತು.

ಆ ಹೆಂಗಸನ್ನು ಬಾಯಿ ತುಂಬ ಬೈಯಬೇಕೆಂದು ಕೂತೆ, ಆಗಲಿಲ್ಲ. ಅವಳಿಗೂ ನನ್ನಷ್ಟೇ ವಯಸ್ಸಂತೆ. ಮಣಿಕಟ್ಟು ಮುರಿದಿದೆಯಂತೆ. ಹೆದರಿದಳು, ಓಡಿದಳು. ಆದರೆ ಹೆದರುವುದನ್ನು ಅವಳಿಗೆ ಕಲಿಸಿದವರು ಬೇರೆ. ನಿಮ್ಮ ಹೋಟೆಲಿನ ಪ್ರತಿ ಕೋಣೆಯ ಬಾಗಿಲ ಹಿಂದೆ ಒಂದು ಕಾರ್ಡು ತೂಗುತ್ತದೆಯಲ್ಲ, ಅದರಲ್ಲಿ ಇದೆ: "ಕತ್ತಲಾದ ಮೇಲೆ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡಬೇಡಿ. ನಿಲ್ಲದೆ ನಡೆದುಬಿಡಿ." ಅತಿಥಿಗಳ ಸುರಕ್ಷತೆಯ ಮೇಡಂ ನೀನು, ಅದನ್ನು ಬರೆದವಳೂ ನೀನೇ. ಬರೆದು ಬೀಗುತ್ತಾ ನನಗೇ ಓದಿ ತೋರಿಸಿದ್ದೆ. ನಾನು ಆಗ ನಕ್ಕು, "ಹಾಗಾದ್ರೆ ಊರವರೆಲ್ಲ ಅವ್ರನ್ನ ಸೊಕ್ಕಿನೋರು ಅಂದ್ಕೋತಾರೆ ಕಣೇ" ಅಂದಿದ್ದೆ. ಸೊಕ್ಕು ಎಂದುಕೊಂಡಿದ್ದರೆ ಚೆನ್ನಾಗಿತ್ತು.

ಮಚ್ಚು ತೋರಿಸಿ ಬೆದರಿಸಿದ ಎಂದು ಮೊಕದ್ದಮೆ ನಡೆಯುತ್ತದೆ. ನೀನು ಬಂದು ಎರಡೇ ಮಾತು ಹೇಳಬೇಕು. ಒಂದು, ಗುಡ್ ನೈಟ್ ಅನ್ನುವುದು ನಮ್ಮ ಮರ್ಯಾದೆ. ಎರಡು, ಉತ್ತರ ಬರದಿದ್ದರೆ ನಾವು ಇನ್ನೊಮ್ಮೆ ಅನ್ನುತ್ತೇವೆ. ನಾನು ಹೇಳಿದರೆ ಹೆತ್ತ ಕರುಳು ಎನ್ನುತ್ತಾರೆ. ನೀನು ಹೇಳಿದರೆ ಹೋಟೆಲೇ ಹೇಳಿದ ಹಾಗೆ. ದೀಕ್ಷಾಸ್ನಾನದ ದಿನ ಧರ್ಮತಾಯಿಯಾಗಿ ಅವನನ್ನು ಎತ್ತಿಕೊಂಡು ನಿಂತವಳು ನೀನು, ನೆನಪಿರಲಿ.

ಗುಡ್ ನೈಟ್ ಅನ್ನುತ್ತಿದ್ದೇನೆ. ಉತ್ತರ ಕೊಡು.

ಯೂಡಲಿ


ಹೋಟೆಲಿನ ಸಿಬ್ಬಂದಿ ವಸತಿ
೬ ಮಾರ್ಚ್ ೨೦೧೭

ಪ್ರೀತಿಯ ಯೂಡಲಿ,

ನಿನ್ನ ಕಾಗದ ಸಿಕ್ಕಿತು. ಓದಿ ಬಹಳ ಬೇಜಾರಾಯಿತು. ಫೋನ್ ಎತ್ತದಿರುವುದು ಬೇಕೆಂದಲ್ಲ, ವಿಚಾರಣೆ ಮುಗಿಯುವವರೆಗೆ ಯಾರೊಡನೆಯೂ ಮಾತನಾಡಬಾರದೆಂದು ಮ್ಯಾನೇಜರರ ಆಜ್ಞೆ. ಈ ಕಾಗದವನ್ನೂ ಯಾರಿಗೂ ತೋರಿಸಬೇಡ.

ಆ ಕಾರ್ಡು ಬರೆದದ್ದು ನಾನೇ, ಇಲ್ಲವೆನ್ನುವುದಿಲ್ಲ. ಆದರೆ ಯಾವಾಗ ಬರೆದೆ ಎನ್ನುವುದನ್ನು ನೀನು ಮರೆತೆ. ಹೋದ ಸೆಪ್ಟೆಂಬರಿನಲ್ಲಿ ಜಲಪಾತದ ಹತ್ತಿರ ಮೂವರು ಬಂದೂಕು ಹಿಡಿದು ನಮ್ಮ ಅತಿಥಿಗಳನ್ನು ದೋಚಿದರು. ಆ ಗಂಡನ ತೊಡೆಗೆ ಗುಂಡು ಹೊಕ್ಕಿತ್ತು. ಆಂಬುಲೆನ್ಸ್ ಬರುವವರೆಗೆ ಅವನ ತಲೆ ನನ್ನ ಮಡಿಲಲ್ಲಿತ್ತು. ಅವನ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ಸುರಕ್ಷಿತ ಜಾಗ ಅಂತ ನೀವೇ ಹೇಳಿದ್ರಲ್ಲ?" ಅದಾದ ಮೇಲೆ ನಾನು ಏನು ಬರೆಯಬೇಕಿತ್ತು? ಯಾರು ಮಾತನಾಡಿಸಿದರೂ ನಿಂತು ಯೋಗಕ್ಷೇಮ ವಿಚಾರಿಸಿ ಎಂದು ಬರೆಯಲೇ?

ಈಗ ಮಿಸೆಸ್ ವಿಟ್ಬಿ ವಿಷಯ ಅವರ ದೇಶದ ಪತ್ರಿಕೆಯಲ್ಲಿ ಬಂದಿದೆ. ಅವರ ಸರಕಾರ ಪ್ರಯಾಣ ಎಚ್ಚರಿಕೆಯಲ್ಲಿ ನಮ್ಮ ದ್ವೀಪವನ್ನು ಹಳದಿಯಿಂದ ಕಿತ್ತಳೆಗೆ ಏರಿಸಿದೆ. ಬಣ್ಣ ತಾನೇ ಎಂದು ನೀನು ನಗಬಹುದು. ಈಸ್ಟರಿಗೆ ಬರಬೇಕಿದ್ದ ತಂಡಗಳು ಬರುವುದಿಲ್ಲವೆಂದಿವೆ. ಕೋಣೆ ಗುಡಿಸುವ ಹುಡುಗಿಯರನ್ನು ಮನೆಗೆ ಕಳಿಸಿದ್ದಾರೆ, ನಿನ್ನ ತಂಗಿಯ ಮಗಳೂ ಅದರಲ್ಲಿದ್ದಾಳೆ. ಮುಂದಿನ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಗೊತ್ತಿಲ್ಲ.

ಮ್ಯಾಜಿಸ್ಟ್ರೇಟರು ಈ ಮಣ್ಣಿನಲ್ಲೇ ಹುಟ್ಟಿದವರು. ಗುಡ್ ನೈಟ್ ಎಂದರೇನು ಎಂದು ಅವರಿಗೆ ನಾನು ಹೇಳಿಕೊಡಬೇಕೇ? ದೇವರ ಮೇಲೆ ಭಾರ ಹಾಕು, ಎಲ್ಲ ಸರಿಹೋಗುತ್ತದೆ. ಕರ್ವಿನ್‌ಗೆ ಸೋಪು, ಹಲ್ಲುಜ್ಜುವ ಪೇಸ್ಟು, ಒಂದು ಬಿಳಿ ಅಂಗಿ ಕಳಿಸಿದ್ದೇನೆ. ಕೋರ್ಟಿಗೆ ಬಿಳಿ ಅಂಗಿ ಚೆನ್ನಾಗಿ ಕಾಣುತ್ತದೆ.

ನಿನ್ನ
ಆರ್ಲೀನ್


ಬ್ವಾ ರೂಜ್
೧೯ ಮಾರ್ಚ್ ೨೦೧೭

ಆರ್ಲೀನ್,

ನಿನ್ನ ಸೋಪು, ಪೇಸ್ಟು, ಅಂಗಿ ಇದೇ ಬಸ್ಸಿನಲ್ಲಿ ವಾಪಸು ಬರುತ್ತಿವೆ. ನಾನು ಕೇಳಿದ್ದು ಬಾಯಿ, ನೀನು ಕಳಿಸಿದ್ದು ಸೋಪು. ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಬರುತ್ತೇನೆ ಎಂದೂ ಇಲ್ಲ, ಬರುವುದಿಲ್ಲ ಎಂದೂ ಇಲ್ಲ. ದೇವರ ಮೇಲೆ ಭಾರ ಹಾಕಬೇಕಂತೆ. ದೇವರೇನು ನಿಮ್ಮ ಹೋಟೆಲಿನ ನೌಕರನೇ, ನಿನ್ನ ಪರವಾಗಿ ಬಂದು ಸಾಕ್ಷಿ ಹೇಳಲು?

ಆ ಬಂದೂಕಿನವರು ಮಾಡಿದ್ದು ನನಗೂ ಗೊತ್ತು. ಅವತ್ತು ನಿನ್ನ ಅಂಗಿಯ ಮೇಲಿನ ರಕ್ತ ತೊಳೆದುಕೊಟ್ಟವಳು ನಾನು. ಆ ಮೂವರು ಈ ತನಕ ಸಿಕ್ಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ನನ್ನ ಮಗನ ಪಾಡು.

ಊರಿನ ಸಮಾಚಾರ ಕೇಳು. ನನ್ನ ಅಂಗಡಿಗೆ ಯಾರೂ ಬರುತ್ತಿಲ್ಲ. ಟ್ಯಾಕ್ಸಿಯವರು ಬೆಳಿಗ್ಗೆ ಕೊಕೊ ಕಷಾಯ ಕುಡಿಯಲು ಈಗ ಆಚೆ ತಿರುವಿನವರೆಗೂ ನಡೆಯುತ್ತಾರೆ. ಮೊನ್ನೆ ಚಿಪ್ಪಿನ ಸರ ಮಾರುವ ರೋಸ್‌ಮೇರಿ ನನಗೆ ಕೇಳಿಸಲಿ ಎಂದೇ ಅಂದಳು: "ಒಬ್ಬನ ಬಾಯಿ ಸುಮ್ನಿರದೆ ಊರಿನ ಹೊಟ್ಟೆಗೆಲ್ಲ ಕಲ್ಲು ಬಿತ್ತು." ನಾನು ಬಿಡಲಿಲ್ಲ. "ನಿನ್ ಬಾಯಿಗಿಂತ ಅವನ ಬಾಯೇ ಮೇಲು ಕಣೇ, ಅದಕ್ಕೆ ಮರ್ಯಾದೆ ಗೊತ್ತು" ಅಂದೆ. ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಆಮೇಲೆ ಒಲೆಯ ಮುಂದೆ ಕೂತು ಅತ್ತೆ, ನಿನ್ನಲ್ಲಿ ಮುಚ್ಚಿಡುವುದೇನು.

ನಿನಗೆ ಮಾ ತಿತಿನ್ ನೆನಪಿದ್ದಾಳಾ? ನಾವಿನ್ನೂ ಲಂಗದ ಹುಡುಗಿಯರು. ಸಂಜೆ ಹೊತ್ತು ಬಾಯಿ ತುಂಬ ಮಾವಿನಹಣ್ಣು ತುರುಕಿಕೊಂಡು ಅವಳ ಅಂಗಳದ ಮುಂದೆ ಹಾಗೇ ದಾಟಿ ಹೋದೆವು. ಗುಡ್ ನೈಟ್ ಅನ್ನಲಿಲ್ಲ. ನಾವು ಮನೆ ಮುಟ್ಟುವ ಮೊದಲೇ ಚಾಡಿ ಮುಟ್ಟಿತ್ತು. ನಿನ್ನಮ್ಮ ನಿನಗೆ ಬಾರಿಸಿ, ಕೈಯ ಕಡಿತ ತೀರದೆ ನನಗೂ ಬಾರಿಸಿದಳು. ಆಮೇಲೆ ಇಬ್ಬರ ಕಿವಿಯನ್ನೂ ಹಿಡಿದು ವಾಪಸು ಎಳೆದುಕೊಂಡು ಹೋದಳು. ನಾವು ಗುಡ್ ನೈಟ್ ಅಂದರೆ ಮುದುಕಿಗೆ ಕೇಳಿಸಲಿಲ್ಲ, ಕಿವಿ ಮಂದ. "ಇನ್ನೊಂದ್ ಸಲ, ಜೋರಾಗಿ ಅನ್ರೇ!" ಎಂದು ನಿನ್ನಮ್ಮ ಬೆನ್ನಿಗೆ ಗುದ್ದಿದಳು. ಅನ್ನುತ್ತಾ ನೀನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಆಗ ಮಾ ತಿತಿನ್ ಏನಂದಳು ಹೇಳು? "ಮಾತಾಡಿಸ್ಕೊಂಡ್ ಬಂದೋರು ಮನುಷ್ಯರು. ಕತ್ತಲಲ್ಲಿ ಬಾಯಿ ಮುಚ್ಕೊಂಡ್ ಬರೋನು ಕಳ್ಳ, ಇಲ್ಲಾ ದೆವ್ವ. ನೀವಿಬ್ರು ಯಾವುದ್ರೇ?"

ಅದಕ್ಕೇ ಈ ಊರಿನಲ್ಲಿ ಉತ್ತರ ಬರದಿದ್ದರೆ ಎಲ್ಲರೂ ಎರಡನೆಯ ಸಲ ಅನ್ನುತ್ತಾರೆ. ಕರ್ವಿನ್‌ಗೆ ನಡೆಯಲು ಬಂದ ವರ್ಷವೇ ಅದನ್ನು ಕಲಿಸಿದೆವು, ನಾನೂ ನೀನೂ ಒಂದೊಂದು ಕೈ ಹಿಡಿದುಕೊಂಡು.

ಜೈಲಿಗೆ ಹೋಗಿ ಅವನನ್ನು ನೋಡಿ ಬಂದೆ. ಬಡಕಲಾಗಿದ್ದಾನೆ. "ಅಮ್ಮಾ, ಆಯಮ್ಮನ ಕೈ ಹೇಗಿದೆಯಂತೆ?" ಎಂದು ಮೊದಲು ಅದನ್ನೇ ಕೇಳಿದ. ಆಮೇಲೆ, ಚಿಕ್ಕಂದಿನಿಂದ ನಿನ್ನನ್ನು ಕರೆಯುವ ಹಾಗೇ, "ಟಾಂಟಿ ಬರ್ತಾಳೆ ಬಿಡು. ಅವ್ಳಿಗೆ ಎಲ್ಲಾ ಗೊತ್ತಲ್ಲ" ಅಂದ. ನೀನೇ ಹೇಳು, ಏನನ್ನಲಿ?

ಉತ್ತರಕ್ಕೆ ಕಾಯುತ್ತಿರುವ
ಯೂಡಲಿ


ಜೈಲಿನಿಂದ
೨ ಏಪ್ರಿಲ್ ೨೦೧೭

ಪ್ರೀತಿಯ ಟಾಂಟಿ ಆರ್ಲೀನ್,

ಗುಡ್ ನೈಟ್. ನೀವು ಇದನ್ನು ಬೆಳಿಗ್ಗೆ ಓದಿದರೆ ಗುಡ್ ಮಾರ್ನಿಂಗ್ ಎಂದು ತಿದ್ದಿಕೊಳ್ಳಿ, ನಾನು ಬರೆಯುತ್ತಿರುವುದು ಸಂಜೆ ಹೊತ್ತಿನಲ್ಲಿ.

ನಾನು ಚೆನ್ನಾಗಿದ್ದೇನೆ. ಊಟಕ್ಕೆ ದಿನಾ ಬೇಳೆ, ಅನ್ನ. ಭಾನುವಾರ ಒಣಮೀನು ಕೊಡುತ್ತಾರೆ, ಉಪ್ಪು ತೆಗೆಯದೆ ಬೇಯಿಸುತ್ತಾರೆ, ಅಮ್ಮನಿಗೆ ಹೇಳಬೇಡಿ, ಬಂದು ಅಡಿಗೆಯವನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಮೊದಲ ದಿನ ಒಳಗೆ ಬಂದಾಗ ಎಲ್ಲರಿಗೂ ಗುಡ್ ನೈಟ್ ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಗ ನನ್ನ ಹೆಸರೇ ಗುಡ್ ನೈಟ್ ಆಗಿದೆ. "ಲೋ ಗುಡ್ ನೈಟ್, ಬಕೆಟ್ ತಗೊಂಬಾ" ಎನ್ನುತ್ತಾರೆ. ನನ್ನ ಪಕ್ಕದಲ್ಲಿ ಮಲಗುವ ಮುದುಕ ಒಳ್ಳೆಯವನು. "ಬಾಯಿ ಇದ್ದೋರೇ ಕಣೋ ಇಲ್ಲಿಗ್ ಬರೋದು, ಮುಚ್ಕೊಂಡಿರೋದು ಕಲಿ" ಅನ್ನುತ್ತಾನೆ. ಕಲಿಯುತ್ತಿದ್ದೇನೆ.

ಟಾಂಟಿ, ನಾನು ಆಯಮ್ಮನನ್ನು ಮುಟ್ಟಲು ಹೋದದ್ದು ಎಬ್ಬಿಸಲು ಮಾತ್ರ. ಮಚ್ಚನ್ನು ಮೊದಲು ಕೆಳಗೆ ಹಾಕಬೇಕಿತ್ತು. ಅದು ಕೈಯಲ್ಲಿರುವುದೇ ನನಗೆ ಮರೆತುಹೋಗಿತ್ತು. ನೀವು ಕೋರ್ಟಿಗೆ ಬಂದರೆ ಇಷ್ಟನ್ನು ಹೇಳಿ: ಅವರು ಉತ್ತರ ಕೊಟ್ಟಿದ್ದರೆ ನಾನು ಎರಡನೆಯ ಸಲ ಅನ್ನುತ್ತಲೇ ಇರಲಿಲ್ಲ.

ಅಮ್ಮ ನಿಮ್ಮ ಮೇಲೆ ಕೂಗಾಡಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವಳದು ಬಾಯಿ ಮಾತ್ರ.

ನಿಮ್ಮ ಮಗನಂಥ
ಕರ್ವಿನ್


ಹೋಟೆಲಿನ ಸಿಬ್ಬಂದಿ ವಸತಿ
೨೮ ಮೇ ೨೦೧೭

ಯೂಡಲಿ,

ಕರ್ವಿನ್ ಕಾಗದ ಬರೆದಿದ್ದ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೇನೆ, ನಿದ್ದೆ ಮಾತ್ರ ಇಲ್ಲ.

ಬರುತ್ತೇನೆ. ಹೋಟೆಲಿನ ವಕೀಲರು ಕೂಡ ನನ್ನನ್ನು ಸಾಕ್ಷಿಯಾಗಿ ಕರೆದಿದ್ದಾರೆ, ಆದ್ದರಿಂದ ಬರಲು ಯಾರೂ ತಡೆಯುವಂತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಅವನಿಗೆ ಆ ಬಿಳಿ ಅಂಗಿಯನ್ನೇ ಹಾಕಿಸು. ಮತ್ತೆ ಕಳಿಸಿದ್ದೇನೆ. ಈ ಸಲ ವಾಪಸು ಮಾಡಬೇಡ.

ಆರ್ಲೀನ್


ಬ್ವಾ ರೂಜ್
೧೬ ಜೂನ್ ೨೦೧೭

ಆರ್ಲೀನ್,

ಅಂಗಿ ಹಾಕಿಸಿದ್ದೆ, ನೋಡಿದೆಯಲ್ಲ. ಇಸ್ತ್ರಿ ಮಾಡಿ, ಕಾಲರು ನೆಟ್ಟಗೆ ಮಾಡಿ ಹಾಕಿಸಿದ್ದೆ. ನೀನು ಒಳಗೆ ಬಂದಾಗ ಅವನು ಕಟಕಟೆಯಿಂದಲೇ ಕೈ ಎತ್ತಿದ. ಪೊಲೀಸಿನವನು ಕೈ ಇಳಿಸಿದ. ನಿನಗದು ಕಾಣಲಿಲ್ಲವೆಂದು ಅವನು ಹೇಳುತ್ತಾನೆ. ಅವನು ಹೇಳಿದ್ದನ್ನು ನಾನು ನಂಬಿದ ಹಾಗೆ ಮಾಡಿದೆ.

ಮಿಸೆಸ್ ವಿಟ್ಬಿಯ ಹೇಳಿಕೆ ಓದಿದರು. "ಅವನು ಒಮ್ಮೆ ಗುಡ್ ನೈಟ್ ಅಂದ. ಕಾರ್ಡಿನಲ್ಲಿದ್ದಂತೆ ನಾನು ಉತ್ತರ ಕೊಡದೆ ನಡೆದೆ. ಆಗ ಅವನು ತಿರುಗಿ ನಿಂತು, ಸಿಟ್ಟಿನಿಂದ ಗಟ್ಟಿಯಾಗಿ ಮತ್ತೊಮ್ಮೆ ಅಂದ. ನನ್ನನ್ನು ಕೊಲ್ಲುತ್ತಾನೆ ಎನ್ನುವುದು ಆಗ ಖಚಿತವಾಯಿತು." ಪಾಪ, ಅವಳು ಸುಳ್ಳೇನೂ ಹೇಳಲಿಲ್ಲ. ಅವಳಿಗೆ ಕೇಳಿಸಿದ್ದನ್ನು ಹೇಳಿದಳು. ಸಾವಿರಾರು ಮೈಲಿ ದೂರದಿಂದ ಬಂದವಳು ಸತ್ಯ ಹೇಳಿದಳು, ಗುಡ್ಡದ ಆಚೆಯಿಂದ ಬಂದವಳ ಕೈಯಲ್ಲಿ ಆಗಲಿಲ್ಲ.

ಚರ್ಚಿನವರು ಹುಡುಕಿಕೊಟ್ಟ ನಮ್ಮ ವಕೀಲ ಹುಡುಗ ನಿನ್ನನ್ನು ಕೇಳಿದ, "ಕತ್ತಲಾದ ಮೇಲೆ ಎದುರಾದವರಿಗೆ ಗುಡ್ ನೈಟ್ ಅನ್ನೋದು ಈ ದ್ವೀಪದ ಪದ್ಧತಿ ಅಲ್ವೇ ಮೇಡಂ?" ನೀನು ಹೋಟೆಲಿನ ವಕೀಲನ ಕಡೆ ನೋಡಿದೆ. ಆಮೇಲೆ ಅಂದೆ, "ಹಳೇ ಕಾಲದವರು ಅಂತಿದ್ರು."

ಹಳೇ ಕಾಲದವರು! ಅವತ್ತು ಬೆಳಿಗ್ಗೆ ಕೋರ್ಟಿನ ಮೆಟ್ಟಿಲು ಹತ್ತುವಾಗ ಜಾಡಮಾಲಿಗೆ ಗುಡ್ ಮಾರ್ನಿಂಗ್ ಅಂದವಳು ಯಾರು, ನಿನ್ನ ಅಜ್ಜಿಯ ದೆವ್ವವೇ?

ಅವನು ಮತ್ತೆ ಕೇಳಿದ, "ಉತ್ತರ ಬರದಿದ್ರೆ ಎರಡನೇ ಸಲ ಜೋರಾಗಿ ಅನ್ನೋದು ಯಾಕೆ?"

ನಾನು ಬೆಂಚಿನ ಅಂಚು ಹಿಡಿದುಕೊಂಡಿದ್ದೆ. ಮಾ ತಿತಿನ್ ಹೆಸರು ನಿನ್ನ ನಾಲಿಗೆಯ ತುದಿಯಲ್ಲಿತ್ತು, ನಾನು ಕಂಡೆ. ಆಮೇಲೆ ನೀನು ಅಂದದ್ದು, "ನನಗೆ ಗೊತ್ತಿಲ್ಲ."

ಕರ್ವಿನ್ ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದವನು ಆಗ ತಲೆ ತಗ್ಗಿಸಿದ. ಒಂದೂವರೆ ವರ್ಷ ಎಂದು ಮ್ಯಾಜಿಸ್ಟ್ರೇಟರು ಓದಿದಾಗಲೂ ಎತ್ತಲಿಲ್ಲ. "ನಮ್ಮ ದ್ವೀಪಕ್ಕೆ ಬರುವ ಅತಿಥಿಗಳಿಗೆ ಇದೊಂದು ಭರವಸೆಯಾಗಲಿ" ಎಂದರು ಅವರು. ಅತಿಥಿಗಳಿಗೆ ಭರವಸೆ ಕೊಡಲು ನನ್ನ ಮಗನೇ ಬೇಕಾಯಿತು.

ನೀನು ಹಿಂದಿನ ಬಾಗಿಲಿನಿಂದ ಹೊರಟುಹೋದೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ, ಅದನ್ನು ಬರೆಯಲೆಂದೇ ಈ ಕಾಗದ ಹಿಡಿದೆ. ಸಂಜೆಯಾಗಿತ್ತು, ಮೋಡ ಕವಿದು ಕತ್ತಲಾಗಿತ್ತು, ದೀಪ ಹಾಕಿದ್ದರು. ಮ್ಯಾಜಿಸ್ಟ್ರೇಟರು ಕಾಗದ ಜೋಡಿಸಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು, ಎಲ್ಲರ ಕಡೆ ತಿರುಗಿ, ತಮಗೇ ಗೊತ್ತಿಲ್ಲದ ಹಾಗೆ ಅಂದರು, "ಗುಡ್ ನೈಟ್." ಇಡೀ ಕೋರ್ಟು ಎದ್ದು ನಿಂತು ಅಂದಿತು, "ಗುಡ್ ನೈಟ್ ಸರ್." ಗುಮಾಸ್ತರು, ಪೊಲೀಸಿನವರು, ನಿಮ್ಮ ಹೋಟೆಲಿನ ವಕೀಲ, ಎಲ್ಲರೂ.

ನಾನೂ ಅಂದೆ ಆರ್ಲೀನ್. ಅವನಿಗೆ ಆಗಷ್ಟೇ ಬೇಡಿ ಹಾಕುತ್ತಿದ್ದರು, ನನ್ನ ಬಾಯಿ ಗುಡ್ ನೈಟ್ ಸರ್ ಅಂದಿತು. ಆ ಬಾಯನ್ನು ಆಮೇಲೆ ಬಾವಿಯ ನೀರಿನಲ್ಲಿ ಎಷ್ಟು ಸಲ ತೊಳೆದೆನೋ.

ಕರ್ವಿನ್ ಒಬ್ಬನೇ ಅನ್ನಲಿಲ್ಲ.

ಯೂಡಲಿ


ಹೋಟೆಲಿನ ಸಿಬ್ಬಂದಿ ವಸತಿ
೧೦ ಡಿಸೆಂಬರ್ ೨೦೧೭

ಪ್ರೀತಿಯ ಯೂಡಲಿ,

ತೀರ್ಪಾದ ಮೇಲೆ ಇದು ನಾನು ಬರೆಯುತ್ತಿರುವ ನಾಲ್ಕನೆಯ ಕಾಗದ. ಹಿಂದಿನವನ್ನು ನೀನು ಒಡೆದೂ ನೋಡಲಿಲ್ಲವೆಂದು ಬೋಬೋ ಹೇಳಿದ. ಇದನ್ನು ಓದಿ ಹೇಳಲು ಅವನನ್ನೇ ಕೇಳಿಕೊಂಡಿದ್ದೇನೆ.

ಪ್ರಯಾಣ ಎಚ್ಚರಿಕೆಯ ಬಣ್ಣ ಮತ್ತೆ ಹಳದಿಗೆ ಇಳಿಯಿತು. "ಅಪರಾಧಿಗೆ ಶೀಘ್ರ ಶಿಕ್ಷೆಯಾಗಿದೆ" ಎಂದು ಅದರಲ್ಲೇ ಬರೆದಿದ್ದಾರೆ. ಕ್ರಿಸ್ಮಸ್ಸಿಗೆ ಹೋಟೆಲು ತುಂಬಿದೆ. ನಿನ್ನ ತಂಗಿಯ ಮಗಳನ್ನು ವಾಪಸು ತೆಗೆದುಕೊಂಡರು, ನಾನೇ ಹೇಳಿಸಿದೆ. ಮನೆಗೆ ಕಳಿಸಿದ್ದ ಹುಡುಗಿಯರೆಲ್ಲ ಬಂದಿದ್ದಾರೆ. ಅವರ ಮಕ್ಕಳು ಈ ಸಲ ಹೊಸ ಬಟ್ಟೆ ಹಾಕುತ್ತಾರೆ. ಇದನ್ನು ನಿನ್ನ ಮುಂದೆ ಹೇಳಿಕೊಳ್ಳುವುದು ತಪ್ಪೇನೋ, ಆದರೂ ಯಾರೊಡನೆ ಹೇಳಿಕೊಳ್ಳಲಿ?

ಕಟಕಟೆಯಲ್ಲಿ ನಿಂತಾಗ ನಾನು ಆ ಹುಡುಗಿಯರನ್ನು ನೆನೆದೆ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ನೀನು ನಂಬುವುದಿಲ್ಲವೆಂದು ಗೊತ್ತು.

ಈಗ ಸಿಬ್ಬಂದಿಗೆ ಹೊಸ ನಿಯಮ ಬಂದಿದೆ. ಕತ್ತಲಾದ ಮೇಲೆ ಅತಿಥಿಗಳನ್ನು ನಾವಾಗಿ ಮಾತನಾಡಿಸುವಂತಿಲ್ಲ, ತಲೆಬಾಗಿ ನಕ್ಕರೆ ಸಾಕು. ಊರಿನಲ್ಲೂ ಹಾಗೇ ಆಗಿದೆ. ತಾಯಂದಿರು ಗಂಡುಮಕ್ಕಳಿಗೆ, "ಹೋಟೆಲ್ ದಾರೀಲಿ ಬಾಯಿ ಬಿಟ್ಟೀಯಾ ಜೋಕೆ, ಕರ್ವಿನ್ ಥರ ಆಗ್ತೀಯ" ಎನ್ನುತ್ತಾರೆ. ಮೊನ್ನೆ ಸಂಜೆ ಸೇತುವೆಯ ಹತ್ತಿರ ಐದಾರು ಜನ ಕೂತಿದ್ದರು. ನಾನು ಗುಡ್ ನೈಟ್ ಅಂದೆ. ಯಾರೂ ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಅನ್ನಲು ನನಗೆ ಧೈರ್ಯ ಬರಲಿಲ್ಲ ಯೂಡಲಿ.

ಕರ್ವಿನ್ ಹೊರಗೆ ಬಂದ ಮೇಲೆ ಹೋಟೆಲಿನ ತೋಟದಲ್ಲಿ ಕೆಲಸ ಕೊಡಿಸುತ್ತೇನೆ. ಮ್ಯಾನೇಜರ್ ಒಪ್ಪಿದ್ದಾರೆ, ಅತಿಥಿಗಳ ಕಡೆ ಬರಬಾರದು ಅಷ್ಟೇ. ಬೈದಾದರೂ ಸರಿ, ಒಂದು ಸಾಲು ಬರೆ.

ನಿನ್ನ
ಆರ್ಲೀನ್


ಬ್ವಾ ರೂಜ್
೪ ಮಾರ್ಚ್ ೨೦೧೮

ಆರ್ಲೀನ್,

ಒಂದು ಸಾಲು ಕೇಳಿದ್ದೆ. ಸಾಲು ಸ್ವಲ್ಪ ಉದ್ದವಾಗುತ್ತದೆ.

ಕರ್ವಿನ್‌ನನ್ನು ಗುರುವಾರ ಬಿಟ್ಟರು. ನಡತೆ ಒಳ್ಳೆಯದು ಎಂದು ಬೇಗ ಬಿಟ್ಟರಂತೆ. ಯಾರ ಜೊತೆಯೂ ಒಂದು ಮಾತೂ ಆಡುತ್ತಿರಲಿಲ್ಲವಂತೆ, ಅದೇ ಒಳ್ಳೆಯ ನಡತೆ. ಬಿಡುವುದು ಮುಂದಿನ ವಾರ ಎಂದು ನನಗೆ ಹೇಳಿದ್ದರು. ಅವನು ಬಂದು ನಿಲ್ಲುತ್ತಾನೆ ಎಂದು ನನಗೇನು ಗೊತ್ತು?

ಹೊತ್ತು ಮುಳುಗಿತ್ತು. ನಾನು ಅಂಗಳದಲ್ಲಿ ಇದ್ದಿಲೊಲೆಯ ಮೇಲೆ ದೀಗುಜ್ಜೆ ಕಾಯಿ ಸುಡುತ್ತಿದ್ದೆ. ಬೇಲಿಯ ಆಚೆ ಹೆಜ್ಜೆ ಸದ್ದಾಯಿತು. ಗುಡ್ ನೈಟ್ ಬರುತ್ತದೆ ಎಂದು ಕಾದೆ. ಬರಲಿಲ್ಲ. ನಾನೇ ಅಂದೆ, "ಗುಡ್ ನೈಟ್?" ಉತ್ತರವಿಲ್ಲ. ಇನ್ನೊಮ್ಮೆ ಜೋರಾಗಿ ಅಂದೆ. ಉತ್ತರವಿಲ್ಲ, ಹೆಜ್ಜೆ ಮಾತ್ರ ಒಳಗೆ ಬಂತು. ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಬರುವವನು ಯಾರು ಎನ್ನುವುದನ್ನು ನನಗೂ ನಿನಗೂ ಏಟು ಕೊಟ್ಟು ಕಲಿಸಿದ್ದಾರಲ್ಲ. ಗೋಡೆಯಲ್ಲಿ ಸಿಕ್ಕಿಸಿದ್ದ ಮಚ್ಚು ಎಳೆದುಕೊಂಡೆ. ಅವನದೇ ಮಚ್ಚು, ಪೊಲೀಸರು ತಿಂಗಳ ಹಿಂದಷ್ಟೇ ವಾಪಸು ಕೊಟ್ಟದ್ದು. "ಕಳ್ಳ! ಕಳ್ಳ ಬಂದಿದಾನೆ, ಬನ್ರೋ!" ಎಂದು ಊರು ಒಡೆದುಹೋಗುವ ಹಾಗೆ ಕೂಗಿದೆ.

ಎಲ್ಲರೂ ಬಂದರು. ಬೋಬೋ ಕಬ್ಬಿಣದ ಸಲಾಕೆ ಹಿಡಿದು ಬಂದ. ರೋಸ್‌ಮೇರಿ ಒನಕೆ ಎತ್ತಿಕೊಂಡು ಬಂದಳು. ಟಾರ್ಚು ಬಿಟ್ಟರು. ಬೆಳಕಿನಲ್ಲಿ ಆ ಬಿಳಿ ಅಂಗಿ ಕಂಡಿತು. ಎರಡೂ ಕೈ ಮೇಲೆತ್ತಿಕೊಂಡು, ಅಲ್ಲಾಡದೆ, ಬಾಯಿ ಬಿಗಿದುಕೊಂಡು ನಿಂತಿದ್ದ. ಹಾಗೆ ನಿಲ್ಲುವುದನ್ನು ಅಲ್ಲಿ ಚೆನ್ನಾಗಿ ಕಲಿಸಿದ್ದಾರೆ. ಹೆತ್ತವಳು ಮಚ್ಚೆತ್ತಿ ನಿಂತಿದ್ದೇನೆ, ನಾನೇ ಅಮ್ಮಾ ಎನ್ನಲು ಬಾಯಿ ಬರಲಿಲ್ಲ ಅವನಿಗೆ.

ಮಚ್ಚು ಬಿಸಾಕಿ ಅವನನ್ನು ಅಪ್ಪಿಕೊಂಡೆ. ಅಪ್ಪಿಕೊಂಡೇ ಬೆನ್ನಿಗೆ ಗುದ್ದಿದೆ.

"ಯಾಕೋ ಮಾತಾಡ್ಲಿಲ್ಲ? ಕಡಿದುಬಿಡ್ತಿದ್ನಲ್ಲೋ! ಎರಡ್ ಸಲ ಕೇಳಿದ್ನಲ್ಲೋ, ಯಾಕೋ ಬಾಯಿ ಬಿಡ್ಲಿಲ್ಲ?"

ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅಂದ:

"ಕತ್ತಲಾಗಿತ್ತಲ್ಲಮ್ಮಾ."

ರೋಸ್‌ಮೇರಿ ಒನಕೆ ಅಲ್ಲೇ ಇಟ್ಟು ಮುಖ ಮುಚ್ಚಿಕೊಂಡು ಅತ್ತಳು. ಬೋಬೋ ಗುಡ್ ನೈಟ್ ಎನ್ನಲು ಹೋಗಿ ನುಂಗಿಕೊಂಡ. ಒಬ್ಬೊಬ್ಬರೇ ಸದ್ದಿಲ್ಲದೆ ಹೊರಟುಹೋದರು.

ನಿನ್ನ ತೋಟದ ಕೆಲಸ ಬೇಡ. ಅವನು ಹಗಲು ಹೊತ್ತಿನಲ್ಲಿ ಸ್ವಲ್ಪ ಮಾತಾಡುತ್ತಾನೆ. ಹೊತ್ತು ಇಳಿಯುತ್ತಿದ್ದ ಹಾಗೆ ಎದ್ದು ಒಳಗೆ ಹೋಗಿ ಕೂರುತ್ತಾನೆ. ಬೀಚಿಗೆ ಹೋಗು ಎಂದರೆ ಹೋಗುವುದಿಲ್ಲ.

ನೀನು ಈ ಕಡೆ ಬರುತ್ತೀಯೆಂದು ಬೋಬೋ ಹೇಳಿದ. ದಾರಿ ಯಾರಪ್ಪನದೂ ಅಲ್ಲ, ಬಾ. ಆದರೆ ನನ್ನ ಹಾಳು ಬಾಯಿಯನ್ನು ನಾನು ನಂಬುವುದಿಲ್ಲ. ಮ್ಯಾಜಿಸ್ಟ್ರೇಟರಿಗೆ ಅಂದ ಹಾಗೆ ನಿನಗೂ ಅಂದುಬಿಡಬಹುದು. ಕತ್ತಲಾದ ಮೇಲೆ ಈ ಬೇಲಿಯ ಹತ್ತಿರ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಡಬೇಡ. ನಿಲ್ಲದೆ ನಡೆದುಬಿಡು.

ಯೂಡಲಿ